ಪರರ ಮನೆಯ ಪಾರುಪತ್ಯ ಮತ್ತು ಸರಕಾರದ ಪರವಾನಗಿ

ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಆಸ್ತಿ ಇಂದು ಒಂದೇ ಊರಿನಲ್ಲಿ ಇರುವುದು ಅಪರೂಪ. ಮಾಟುಂಗಾದಲ್ಲಿಯೋ ಡೊಂಬಿವಿಲಿಯಲ್ಲಿಯೋ ಇರುವುದಕ್ಕೊಂದು ಫ್ಲ್ಯಾಟು. ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ಹಿರಿಯರು ಕಟ್ಟಿಸಿದ ಮನೆ, ಅದರಲ್ಲೊಬ್ಬ ಬಾಡಿಗೆದಾರ. ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಅಲ್ಲಿಯೂ ಸಾಲ ಮಾಡಿ ಕೊಂಡ ಒಂದು ಮನೆ. ಅವರಿಗೆ ಕೆಲಸ ಬೇರೆ ರಾಜ್ಯದಲ್ಲಿ ದೊರೆತೊಡನೆ ಅದೂ ಬಾಡಿಗೆಗೆ ಹೋಗುತ್ತದೆ. ಮನೆಯ ಒಡೆಯ ಒಂದು ಕಡೆ, ಮನೆ ಮತ್ತೊಂದು ಕಡೆ. ನಡುವೆ ಬಾಡಿಗೆ ವಸೂಲು ಮಾಡುವ, ನಲ್ಲಿ ಕೆಟ್ಟರೆ ಸರಿಪಡಿಸುವ, ಬಾಡಿಗೆದಾರ ಬಿಟ್ಟುಹೋದರೆ ಇನ್ನೊಬ್ಬನನ್ನು ತರುವ ಮೂರನೆಯವನೊಬ್ಬ ಬೇಕು. ಹಿಂದಿನವರು ಇಂಥವನನ್ನು ಪಾರುಪತ್ಯಗಾರ ಎಂದರು. ಇಂದಿನ ವ್ಯವಹಾರದ ಮಾತಿನಲ್ಲಿ ಅವನು ಪ್ರಾಪರ್ಟಿ ಮ್ಯಾನೇಜರ್.

ಈ ಮೂರನೆಯವನು ತನ್ನ ಕಸುಬನ್ನು ನಡೆಸುವುದಕ್ಕೆ ಸರಕಾರದ ಅಪ್ಪಣೆಯನ್ನು ಪಡೆಯಬೇಕೇ? ಡೊಂಬಿವಿಲಿಯಲ್ಲಾಗಲಿ ಧಾರವಾಡದಲ್ಲಾಗಲಿ ಮನೆ ನೋಡಿಕೊಳ್ಳುವವನನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಮಾತ್ರ ಕೇಳುತ್ತಾರೆ. ಅಲ್ಲಿ ಏನನ್ನು ಕೇಳುತ್ತಾರೆ, ಏಕೆ ಕೇಳುತ್ತಾರೆ ಎಂಬುದನ್ನು ತಿಳಿದರೆ, ಇಲ್ಲಿ ಯಾರೂ ಕೇಳದಿರುವುದರ ಬೆಲೆ ಎಷ್ಟೆಂಬುದೂ ತಿಳಿಯುತ್ತದೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಒಂದೇ ಕಾನೂನು ಇಲ್ಲ. ಪರವಾನಗಿಯನ್ನು ಕೊಡುವುದು ರಾಜ್ಯ ಸರಕಾರ. ಐವತ್ತು ರಾಜ್ಯಗಳಲ್ಲಿ ನಿಯಮಗಳು ಬೇರೆ ಬೇರೆ. ಮಗಳ ಮನೆ ಟೆಕ್ಸಾಸಿನಲ್ಲಿದ್ದು ಅವಳು ಈಗ ಕ್ಯಾಲಿಫೋರ್ನಿಯಾದಲ್ಲಿದ್ದರೆ ಅನ್ವಯಿಸುವುದು ಮನೆ ಇರುವ ಟೆಕ್ಸಾಸಿನ ಕಾನೂನೇ. ಆದರೂ ಹೆಚ್ಚಿನ ರಾಜ್ಯಗಳ ತರ್ಕ ಒಂದೇ ಬಗೆಯದು. ಸ್ಥಿರಾಸ್ತಿಯ ದಲ್ಲಾಳಿಗೆಂದು, ಎಂದರೆ ಬ್ರೋಕರಿಗೆಂದು, ಮಾಡಿದ ಕಾನೂನಿನಲ್ಲಿ ಮಾರಾಟದ ಜೊತೆಗೆ ಬಾಡಿಗೆಗೆ ಕೊಡುವುದನ್ನೂ ಬಾಡಿಗೆ ವಸೂಲು ಮಾಡುವುದನ್ನೂ ಸೇರಿಸಿರುತ್ತಾರೆ. ಆದ್ದರಿಂದ ಪರರ ಮನೆಯನ್ನು ಸಂಭಾವನೆ ಪಡೆದು ನೋಡಿಕೊಳ್ಳುವವನು ತಾನೇ ಬ್ರೋಕರಿನ ಲೈಸೆನ್ಸ್ ಪಡೆದಿರಬೇಕು, ಇಲ್ಲವೇ ಅಂಥ ಬ್ರೋಕರಿನ ಕೈಕೆಳಗೆ ಇರಬೇಕು. ತನ್ನ ಸ್ವಂತ ಮನೆಯನ್ನು ತಾನೇ ಬಾಡಿಗೆಗೆ ಕೊಡುವವನಿಗೆ ಲೈಸೆನ್ಸ್ ಬೇಡ. ‘ಪರರಿಗಾಗಿ’ ಮತ್ತು ‘ಪ್ರತಿಫಲಕ್ಕಾಗಿ’ ಎಂಬ ಎರಡು ಶಬ್ದಗಳ ಮೇಲೆ ಇಡೀ ಕಾನೂನು ನಿಂತಿದೆ.

ಕ್ಯಾಲಿಫೋರ್ನಿಯಾದ ಉದಾಹರಣೆಯನ್ನು ತುಸು ವಿಸ್ತಾರವಾಗಿ ನೋಡಬಹುದು. 1919 ರಿಂದ ಸ್ಥಿರಾಸ್ತಿ ಲೈಸೆನ್ಸ್ ಪದ್ಧತಿಯನ್ನು ನಡೆಸಿಕೊಂಡು ಬಂದ ಹಳೆಯ ರಾಜ್ಯವದು. ಅಲ್ಲಿ ಬ್ರೋಕರ್ ಆಗಬಯಸುವವನು ಸಾಮಾನ್ಯವಾಗಿ ಎರಡು ವರ್ಷ ಪೂರ್ಣಕಾಲ ಸೇಲ್ಸ್‌ಪರ್ಸನ್ ಆಗಿ ದುಡಿದಿರಬೇಕು, ಕಾಲೇಜು ಮಟ್ಟದ ಎಂಟು ಪಠ್ಯಗಳನ್ನು ಮುಗಿಸಿರಬೇಕು, ರಾಜ್ಯ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸೇಲ್ಸ್‌ಪರ್ಸನ್‌ಗೆ ಮೂರು ಪಠ್ಯಗಳು, ಒಟ್ಟು 135 ಗಂಟೆಗಳ ವ್ಯಾಸಂಗ. ಆದರೆ ಅವನು ಸ್ವತಂತ್ರನಲ್ಲ, ಬ್ರೋಕರಿನ ಹೊಣೆಯಲ್ಲಿಯೇ ಕೆಲಸ ಮಾಡಬೇಕು. ಲೈಸೆನ್ಸಿನ ಅವಧಿ ನಾಲ್ಕು ವರ್ಷ. ಲೈಸೆನ್ಸ್ ಇಲ್ಲದೆ ಈ ವೃತ್ತಿ ನಡೆಸಿದ ವ್ಯಕ್ತಿಗೆ 20,000 ಡಾಲರುಗಳವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕಿಂತಲೂ ಹರಿತವಾದ ಇನ್ನೊಂದು ನಿಯಮವಿದೆ. ಲೈಸೆನ್ಸ್ ಇಲ್ಲದವನು ತನ್ನ ಸಂಭಾವನೆ ಬಾಕಿ ಉಳಿದಿದೆಯೆಂದು ನ್ಯಾಯಾಲಯದಲ್ಲಿ ದಾವೆ ಹೂಡಲು ಬರುವುದಿಲ್ಲ. ದಂಡಕ್ಕೆ ಹೆದರದವನೂ ಕೂಲಿ ಮುಳುಗುವುದೆಂದರೆ ಹೆದರುತ್ತಾನೆ.

ಅಲ್ಲಿಯೇ ಒಂದು ವಿಚಿತ್ರವೂ ಉಂಟು. ಹದಿನಾರು ಅಥವಾ ಅದಕ್ಕಿಂತ ಹೆಚ್ಚು ವಸತಿಗಳಿರುವ ಬಾಡಿಗೆ ಕಟ್ಟಡದಲ್ಲಿ, ಮಾಲೀಕನೇ ಅಲ್ಲಿ ವಾಸಿಸದಿದ್ದರೆ, ಹೊಣೆಯರಿತ ಒಬ್ಬ ನಿವಾಸಿ ಮ್ಯಾನೇಜರ್ ಅಥವಾ ಕಾವಲುಗಾರ ಇರಲೇಬೇಕೆಂದು ನಿಯಮ. ಹೀಗೆ ಕಟ್ಟಡದಲ್ಲಿಯೇ ವಾಸಿಸಿ ಹಗಲಿರುಳು ದುಡಿಯುವ ಈ ಮನುಷ್ಯನಿಗೆ ಲೈಸೆನ್ಸ್ ಬೇಕಿಲ್ಲ! ಬೇರೆಲ್ಲೋ ಕಚೇರಿಯಲ್ಲಿ ಕುಳಿತು ನಲವತ್ತು ಮಾಲೀಕರ ಬಾಡಿಗೆಯನ್ನು ಸ್ವೀಕರಿಸುವವನಿಗೆ ಬೇಕು. ಮೇಲುನೋಟಕ್ಕೆ ಇದು ತಲೆಕೆಳಗಾದ ನ್ಯಾಯವೆಂದು ತೋರಬಹುದು. ಆದರೆ ಲೈಸೆನ್ಸಿನ ಮರ್ಮ ಇಲ್ಲಿಯೇ ಇದೆ. ನಲ್ಲಿ ರಿಪೇರಿಯ ಕೌಶಲವನ್ನು ರಾಜ್ಯವು ಪರೀಕ್ಷಿಸುತ್ತಿಲ್ಲ. ಅದು ಕಣ್ಣಿಟ್ಟಿರುವುದು ಪರರ ಹಣದ ಮೇಲೆ.

ಈ ಹಣದ ಗಾತ್ರವನ್ನು ಒಂದು ಕಲ್ಪಿತ ಲೆಕ್ಕದಿಂದ ಅರಿಯಬಹುದು. ಒಬ್ಬ ಮ್ಯಾನೇಜರ್ ನಲವತ್ತು ಮನೆಗಳನ್ನು ನೋಡಿಕೊಳ್ಳುತ್ತಾನೆ, ಪ್ರತಿ ಮನೆಯ ಬಾಡಿಗೆ ತಿಂಗಳಿಗೆ 2,000 ಡಾಲರು ಎಂದು ಭಾವಿಸೋಣ. ತಿಂಗಳ ಮೊದಲ ವಾರದಲ್ಲಿ ಅವನ ಕೈಗೆ ಬರುವ ಬಾಡಿಗೆ 80,000 ಡಾಲರು. ಒಂದೊಂದು ತಿಂಗಳ ಬಾಡಿಗೆಯಷ್ಟು ಠೇವಣಿಯೂ ಅವನಲ್ಲಿದ್ದರೆ ಮತ್ತೆ 80,000. ಒಟ್ಟು 1,60,000 ಡಾಲರು. ಇದರಲ್ಲಿ ಅವನ ಸ್ವಂತದ್ದು, ನೂರಕ್ಕೆ ಹತ್ತರಂತೆ ಹಿಡಿದರೂ, 8,000 ಮಾತ್ರ. ಉಳಿದ 1,52,000 ಪರರದ್ದು. ಇದೆಲ್ಲವೂ ಅವನ ಸ್ವಂತ ಉಳಿತಾಯ ಖಾತೆಯಲ್ಲಿ ಬಿದ್ದರೆ, ಅವನು ಕಳ್ಳನೇ ಆಗಿರಬೇಕೆಂದಿಲ್ಲ. ಈ ತಿಂಗಳು ಮಗಳ ಕಾಲೇಜು ಶುಲ್ಕ ಕಟ್ಟಿ ಮುಂದಿನ ತಿಂಗಳು ತುಂಬಿದರಾಯಿತು ಎಂದುಕೊಂಡರೆ ಸಾಕು. ಬ್ಯಾಂಕುಗಳಲ್ಲಿ ಕಂಡುಬರುವ ಹಣ ದುರುಪಯೋಗದ ಪ್ರಕರಣಗಳಲ್ಲಿ ಬಹಳಷ್ಟು ಆರಂಭವಾಗುವುದು ‘ಮುಂದಿನ ತಿಂಗಳು ತುಂಬೋಣ’ ಎಂಬ ಮಾತಿನಿಂದಲೇ. ಅವನ ಸಾಲಗಾರರು ಕೋರ್ಟಿನಿಂದ ಆ ಖಾತೆಗೆ ಜಪ್ತಿ ತಂದರಂತೂ ಯಾರ ರೊಕ್ಕ ಯಾವುದೆಂದು ಬೇರ್ಪಡಿಸುವುದೇ ಕಷ್ಟ.

ಆದ್ದರಿಂದ ಕ್ಯಾಲಿಫೋರ್ನಿಯಾದ ಕಾನೂನು ವಿಶ್ವಸ್ತ ನಿಧಿಯ ಖಾತೆಯನ್ನು, ಎಂದರೆ ಟ್ರಸ್ಟ್ ಅಕೌಂಟನ್ನು, ವಿಧಿಸಿದೆ. ಕೈಗೆ ಬಂದ ಪರರ ಹಣವನ್ನು ಮೂರು ವ್ಯವಹಾರ ದಿನಗಳೊಳಗೆ ಮಾಲೀಕನಿಗೆ ತಲುಪಿಸಬೇಕು, ಇಲ್ಲವೇ ಈ ಖಾತೆಗೆ ಕಟ್ಟಬೇಕು. ಬ್ರೋಕರ್ ತನ್ನ ಸ್ವಂತ ಹಣವನ್ನು ಅದರಲ್ಲಿ ಬೆರೆಸಕೂಡದು; ಬ್ಯಾಂಕಿನ ಸೇವಾ ಶುಲ್ಕಕ್ಕೆಂದು 200 ಡಾಲರುಗಳವರೆಗೆ ಇಡಬಹುದು, ಅಷ್ಟೆ. ತಾನು ನ್ಯಾಯವಾಗಿ ಗಳಿಸಿದ ಸಂಭಾವನೆಯನ್ನು ಕೂಡ ಇಪ್ಪತ್ತೈದು ದಿನಗಳಿಗಿಂತ ಹೆಚ್ಚು ಕಾಲ ಅಲ್ಲಿ ಬಿಡುವಂತಿಲ್ಲ. ಎಲ್ಲ ಜಮಾ ಖರ್ಚುಗಳ ಒಂದು ಕಿರ್ದಿ ಪುಸ್ತಕ, ಒಬ್ಬೊಬ್ಬ ಫಲಾನುಭವಿಗೂ ಒಂದೊಂದು ಪ್ರತ್ಯೇಕ ಖಾತೆ ಇರಬೇಕು. ತಿಂಗಳಿಗೊಮ್ಮೆ ಎರಡರ ಬಾಕಿಗಳನ್ನೂ ತಾಳೆ ನೋಡಿ ಆ ತಾಳೆಯ ದಾಖಲೆಯನ್ನು ಉಳಿಸಬೇಕು. ವಾಣಿಜ್ಯ ಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಇದರಲ್ಲಿ ಹೊಸದೇನೂ ಕಾಣದು. ಹೊಸದೇನೆಂದರೆ, ಲೆಕ್ಕ ಬರೆಯದಿದ್ದರೆ ಜೀವನೋಪಾಯವೇ ಹೋಗುತ್ತದೆ ಎಂಬುದು. ರಾಜ್ಯದ ಲೆಕ್ಕಪರಿಶೋಧಕರು ಬಂದು ಪುಸ್ತಕಗಳನ್ನು ನೋಡಬಹುದು. ಕೊರತೆ ಕಂಡರೆ ಲೈಸೆನ್ಸ್ ರದ್ದಾಗಬಹುದು.

ಇಷ್ಟಾದರೂ ಮೋಸ ನಡೆದರೆ? ಲೈಸೆನ್ಸ್ ಪಡೆದವರು ಕಟ್ಟುವ ಶುಲ್ಕದಿಂದಲೇ ಅಲ್ಲಿ ಒಂದು ಪರಿಹಾರ ನಿಧಿಯನ್ನು ಇಟ್ಟಿದ್ದಾರೆ. ವಂಚಿತನಾದವನು ನ್ಯಾಯಾಲಯದ ತೀರ್ಪು ಪಡೆದೂ ವಂಚಕನಿಂದ ಏನೂ ಹೊರಡದಿದ್ದರೆ, ಒಂದು ವ್ಯವಹಾರಕ್ಕೆ 50,000 ಡಾಲರುಗಳವರೆಗೆ, ಒಬ್ಬ ಲೈಸೆನ್ಸುದಾರನ ಲೆಕ್ಕದಲ್ಲಿ ಒಟ್ಟು 2,50,000 ಡಾಲರುಗಳವರೆಗೆ ಆ ನಿಧಿಯಿಂದ ಪಡೆಯುವ ಅವಕಾಶವಿದೆ. ಆದರೆ ಒಂದು ಷರತ್ತು: ವಂಚಿಸಿದವನು ಲೈಸೆನ್ಸ್ ಪಡೆದವನಾಗಿರಬೇಕು. ‘ನಮ್ಮವನೇ, ಶುಲ್ಕ ಕಡಿಮೆ’ ಎಂದು ಲೈಸೆನ್ಸ್ ಇಲ್ಲದವನಿಗೆ ಮನೆಯನ್ನು ಒಪ್ಪಿಸಿದವರಿಗೆ ಈ ನಿಧಿಯ ಬಾಗಿಲು ಮುಚ್ಚಿರುತ್ತದೆ. ಪರದೇಶದಲ್ಲಿ ಸ್ವದೇಶದವನನ್ನು ನಂಬುವುದು ಸಹಜವಾದ ಗುಣ. ಆ ನಂಬಿಕೆಯ ಜೊತೆಗೆ ರಾಜ್ಯದ ಇಲಾಖೆಯ ಸಾರ್ವಜನಿಕ ಪಟ್ಟಿಯಲ್ಲಿ ಅವನ ಹೆಸರನ್ನೂ ಹುಡುಕಿ ನೋಡಿದರೆ ಯಾರ ಮಾನಕ್ಕೂ ಕುಂದಿಲ್ಲ.

ಇತರ ರಾಜ್ಯಗಳಲ್ಲಿ ಗೆರೆ ಬೇರೆ ಬೇರೆ ಕಡೆ ಬಿದ್ದಿದೆ. ಟೆಕ್ಸಾಸಿನಲ್ಲಿ ಒಂದೇ ಕುಟುಂಬ ವಾಸಿಸುವ ಬಿಡಿ ಮನೆಯ ಬಾಡಿಗೆಯನ್ನು ಸ್ವೀಕರಿಸುವುದರ ಅಥವಾ ಬ್ಯಾಂಕಿಗೆ ಕಟ್ಟುವುದರ ನಿಯಂತ್ರಣ ಯಾರ ಕೈಯಲ್ಲಿದೆಯೋ ಅವನಿಗೆ ಲೈಸೆನ್ಸ್ ಬೇಕು. ಅಲ್ಲಿ ಏಜೆಂಟನಾಗಲು 180 ಗಂಟೆಗಳ ಪೂರ್ವಪಠ್ಯ. ಆರೆಗಾನ್, ಮೊಂಟಾನಾ, ದಕ್ಷಿಣ ಕ್ಯಾರೊಲೈನಾ ರಾಜ್ಯಗಳು ದಲ್ಲಾಳಿಯ ಲೈಸೆನ್ಸಿನಿಂದ ಬೇರೆಯಾದ, ಪಾರುಪತ್ಯಗಾರನಿಗೆಂದೇ ಮೀಸಲಾದ ಒಂದು ಲೈಸೆನ್ಸನ್ನು ಕೊಡುತ್ತವೆ. ಮನೆ ಮಾರುವ ವಿದ್ಯೆಯೇ ಬೇರೆ, ನೋಡಿಕೊಳ್ಳುವ ವಿದ್ಯೆಯೇ ಬೇರೆ ಎಂಬುದನ್ನು ಅವು ಗುರುತಿಸಿವೆ. ಇದು ಹೆಚ್ಚು ವಿವೇಕದ ಮಾರ್ಗವೆಂದು ತೋರುತ್ತದೆ. ನೆವಾಡಾದಲ್ಲಿ ಸ್ಥಿರಾಸ್ತಿಯ ಲೈಸೆನ್ಸಿನ ಮೇಲೆ ಮತ್ತೊಂದು ಪ್ರತ್ಯೇಕ ಅನುಮತಿಯನ್ನು ಪಡೆಯಬೇಕು. ಇತ್ತ ಐಡಾಹೊ ರಾಜ್ಯದಲ್ಲಿ ಈ ಕಸುಬಿಗೆ ಲೈಸೆನ್ಸೇ ಬೇಡ. ಮಗ ಕ್ಯಾಲಿಫೋರ್ನಿಯಾದಿಂದ ಐಡಾಹೊಗೆ ಮನೆ ಬದಲಾಯಿಸಿದರೆ, ಒಂದು ದಿನದ ಹಾದಿಯಲ್ಲಿ ಈ ರಕ್ಷಣೆಯೆಲ್ಲವೂ ಹಿಂದೆ ಉಳಿಯುತ್ತದೆ.

ಫ್ಲಾರಿಡಾ ರಾಜ್ಯದ ಒಂದು ಪದ್ಧತಿ ಮುಂಬಯಿಯ ಸೊಸೈಟಿ ನಿವಾಸಿಗಳಿಗೆ ವಿಶೇಷ ಕುತೂಹಲ ಹುಟ್ಟಿಸತಕ್ಕದ್ದು. ಅಲ್ಲಿ ನಮ್ಮ ಹೌಸಿಂಗ್ ಸೊಸೈಟಿಗಳನ್ನು ಹೋಲುವ ನಿವಾಸಿ ಸಂಘಗಳ ಕಾರುಬಾರನ್ನು ಸಂಭಾವನೆಗಾಗಿ ನೋಡಿಕೊಳ್ಳುವ ಮ್ಯಾನೇಜರನಿಗೇ ಪ್ರತ್ಯೇಕ ಲೈಸೆನ್ಸ್ ಇದೆ. ಹತ್ತಕ್ಕಿಂತ ಹೆಚ್ಚು ವಸತಿಗಳು ಅಥವಾ ವಾರ್ಷಿಕ 1,00,000 ಡಾಲರುಗಳಿಗೂ ಮೀರಿದ ಅಂದಾಜುಪಟ್ಟಿ ಇರುವ ಸಂಘಗಳಿಗೆ ಇದು ಅನ್ವಯಿಸುತ್ತದೆ. ಆದರೆ ಅದೇ ರಾಜ್ಯದ ಸರ್ಫ್‌ಸೈಡ್ ಪಟ್ಟಣದಲ್ಲಿ 2021 ರ ಜೂನ್ 24 ರ ರಾತ್ರಿ ಹನ್ನೆರಡು ಅಂತಸ್ತಿನ ಒಂದು ನಿವಾಸ ಕಟ್ಟಡದ ದೊಡ್ಡದೊಂದು ಭಾಗ ಕುಸಿದು 98 ಜನ ಸತ್ತರು. ರಿಪೇರಿಯ ಅಗತ್ಯವನ್ನು ಎಂಜಿನಿಯರರು ಹೇಳಿದ್ದರು. ಅದರ ದೊಡ್ಡ ವೆಚ್ಚದ ಬಗೆಗೆ ನಿವಾಸಿಗಳ ನಡುವೆ ಚರ್ಚೆ ನಡೆದೇ ಇತ್ತು. 2022 ರಲ್ಲಿ ಆ ರಾಜ್ಯವು ಹಳೆಯ ಎತ್ತರದ ಕಟ್ಟಡಗಳ ತಪಾಸಣೆಯನ್ನೂ ರಿಪೇರಿಗಾಗಿ ಮೀಸಲು ನಿಧಿಯನ್ನೂ ಕಡ್ಡಾಯ ಮಾಡಿತು. ಲೈಸೆನ್ಸು ಲೆಕ್ಕವನ್ನು ಕಾಯಬಲ್ಲದು, ಕಂಬವನ್ನು ಕಾಯಲಾರದು. ಮೂವತ್ತು ವರ್ಷ ಮೀರಿದ ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ಸ್ಟ್ರಕ್ಚರಲ್ ಆಡಿಟ್ಟಿನ ಖರ್ಚಿಗೆ ಕೈಯೆತ್ತಿ ವಿರೋಧಿಸುವ ಸದಸ್ಯರು ಈ ಸಂಗತಿಯನ್ನು ಬಲ್ಲರೋ ಇಲ್ಲವೋ!

ಇನ್ನು ನಮ್ಮ ದೇಶದ ಸ್ಥಿತಿ. ‘ಈಗ ರೇರಾ ಬಂದಿದೆಯಲ್ಲ, ಏಜೆಂಟರೆಲ್ಲ ನೋಂದಣಿಯಾಗಿರಬೇಕಲ್ಲ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮಾತು ಅರ್ಧ ಸತ್ಯ. 2016 ರ ಸ್ಥಿರಾಸ್ತಿ ಅಧಿನಿಯಮದ 9 ನೆಯ ಕಲಮಿನಂತೆ ಏಜೆಂಟನು ನೋಂದಣಿ ಮಾಡಿಸಿಕೊಳ್ಳಲೇಬೇಕು; ತಪ್ಪಿದರೆ ದಿನವೊಂದಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ನೂರಕ್ಕೆ ಐದರವರೆಗೆ ದಂಡ. ಮಹಾರಾಷ್ಟ್ರದ ಪ್ರಾಧಿಕಾರವಂತೂ ಏಜೆಂಟರಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯ ಮಾಡಿದೆ. ಬ್ಯಾಂಕ್ ನೌಕರರಿಗೆ ಪರೀಕ್ಷೆಗಳನ್ನು ನಡೆಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ಸಂಸ್ಥೆಯೇ 2023 ರಲ್ಲಿ ಈ ಪರೀಕ್ಷೆಯನ್ನೂ ಆರಂಭಿಸಿತು. ಆದರೆ ಆ ಅಧಿನಿಯಮದಲ್ಲಿ ಏಜೆಂಟನ ವ್ಯಾಖ್ಯೆಯನ್ನು ಓದಿದರೆ, ಸ್ಥಿರಾಸ್ತಿ ಯೋಜನೆಯೊಂದರಲ್ಲಿಯ ನಿವೇಶನವನ್ನೋ ಮನೆಯನ್ನೋ ‘ಮಾರಾಟದ ಮೂಲಕ’ ವರ್ಗಾಯಿಸುವ ವ್ಯವಹಾರದಲ್ಲಿ ನಡುವೆ ನಿಲ್ಲುವವನು ಎಂದಿದೆ. ಬಾಡಿಗೆಯ ಮಾತು ಅಲ್ಲಿಲ್ಲ. ಬಾಡಿಗೆಯನ್ನು ವಸೂಲು ಮಾಡಿಕೊಂಡು ಮನೆ ನೋಡಿಕೊಳ್ಳುವವನು ಆ ಬಲೆಯ ಕಣ್ಣುಗಳಿಂದ ಸಲೀಸಾಗಿ ಹೊರಗೆ ಉಳಿಯುತ್ತಾನೆ. ಅವನ ಚೀಟಿಯಲ್ಲಿ ರೇರಾ ನೋಂದಣಿ ಸಂಖ್ಯೆ ಅಚ್ಚಾಗಿದ್ದರೂ ಅದು ಮಾರಾಟದ ದಲ್ಲಾಳಿತನಕ್ಕೆ ಸಂಬಂಧಿಸಿದ್ದು. ಧಾರವಾಡದ ಮನೆಯ ಠೇವಣಿಗೆ ಅದು ಕಾವಲಲ್ಲ.

1999 ರ ಕರ್ನಾಟಕ ಬಾಡಿಗೆ ಅಧಿನಿಯಮದಲ್ಲಿ ಮಧ್ಯವರ್ತಿಗಳ ಮತ್ತು ಎಸ್ಟೇಟ್ ಏಜೆಂಟರ ನೋಂದಣಿಯ ವಿಧಿ ಇದೆ. ಅದರ ಗುರಿ ಮನೆ ಹುಡುಕಿಕೊಡುವವನು. ವರ್ಷಾನುಗಟ್ಟಲೆ ಲೆಕ್ಕ ಇಡುವವನಲ್ಲ. ಪ್ರಾಪರ್ಟಿ ಮ್ಯಾನೇಜರ್ ಎಂಬ ಹೆಸರನ್ನೇ ಹಿಡಿದು ಮಾತನಾಡುವುದು 2021 ರ ಜೂನ್ 2 ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮ. ಅದರ ಪ್ರಕಾರ ಮಾಲೀಕನು ಮ್ಯಾನೇಜರನ ಹೆಸರು, ಅವನಿಗೆ ಅಧಿಕಾರ ಕೊಟ್ಟ ದಾಖಲೆ, ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂಬುದನ್ನು ಬಾಡಿಗೆದಾರನಿಗೆ ತಿಳಿಸಬೇಕು. ಮ್ಯಾನೇಜರನು ರಸೀದಿ ಕೊಟ್ಟು ಬಾಡಿಗೆ ಪಡೆಯಬೇಕು, ಅವಶ್ಯ ರಿಪೇರಿ ಮಾಡಿಸಬೇಕು, ಆಗಾಗ ಮನೆ ನೋಡಬೇಕು. ಮಾಲೀಕನ ಸೂಚನೆಗೆ ವಿರುದ್ಧ ನಡೆದರೆ ಬಾಡಿಗೆ ನ್ಯಾಯಾಲಯವು ಅವನನ್ನು ತೆಗೆದುಹಾಕಬಹುದು, ಅಥವಾ ನಷ್ಟ ತುಂಬಿಸಬಹುದು. ಒಳ್ಳೆಯ ನಿಯಮಗಳು. ಆದರೆ ಅದು ಮಾದರಿ ಮಾತ್ರ. ರಾಜ್ಯವು ತನ್ನದೇ ಕಾನೂನು ಮಾಡಿದಲ್ಲದೆ ಜಾರಿಗೆ ಬಾರದು. ಅದರಲ್ಲಿಯೂ ಲೈಸೆನ್ಸ್ ಇಲ್ಲ, ಪರೀಕ್ಷೆ ಇಲ್ಲ, ವಿಶ್ವಸ್ತ ಖಾತೆಯೂ ಇಲ್ಲ.

ಹಾಗಾದರೆ ಇಲ್ಲಿಯ ಮಾಲೀಕ ಅನಾಥನೇ? ಅಲ್ಲ. 1872 ರ ಭಾರತೀಯ ಕರಾರು ಅಧಿನಿಯಮದಲ್ಲಿ ಏಜೆಂಟನ ಕರ್ತವ್ಯಗಳೆಲ್ಲ ಇವೆ. ಮಾಲೀಕನ ಸೂಚನೆಯಂತೆ ನಡೆಯಬೇಕೆಂದು 211 ನೆಯ ಕಲಮು. ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕೆಂದು 213. ಮಾಲೀಕನ ಪರವಾಗಿ ಪಡೆದ ಹಣವನ್ನು ಅವನಿಗೆ ಕೊಡಬೇಕೆಂದು 218. ಕ್ಯಾಲಿಫೋರ್ನಿಯಾದ ನಿಯಮಗಳ ಸಾರ ಇದಕ್ಕಿಂತ ಬಹಳ ಭಿನ್ನವೇನೂ ಅಲ್ಲ. ಭೇದವಿರುವುದು ಒಂದೇ ಕಡೆ. ಅಲ್ಲಿ ಪುಸ್ತಕ ತೆರೆದು ನೋಡಲು ಸರಕಾರದ ಮನುಷ್ಯ ಬರುತ್ತಾನೆ. ಇಲ್ಲಿ ಮಾಲೀಕನೇ ಕೇಳಬೇಕು. ಸಂಕೋಚದಿಂದ ಅವನು ಕೇಳುವುದಿಲ್ಲ. ‘ಹತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಾನೆ, ಲೆಕ್ಕ ಕೇಳಿದರೆ ಏನೆಂದುಕೊಂಡಾನು’ ಎಂಬ ದಾಕ್ಷಿಣ್ಯ ನಮ್ಮವರಲ್ಲಿ ಹೆಚ್ಚು. ನಿವೃತ್ತ ದಂಪತಿಗಳಿಗೆ ಊರ ಮನೆಯ ಬಾಡಿಗೆಯೇ ಔಷಧದ ಖರ್ಚಾಗಿರುವಾಗ ಈ ದಾಕ್ಷಿಣ್ಯ ದುಬಾರಿಯಾದೀತು.

ಲೈಸೆನ್ಸು ಅಲ್ಲಿ ಮಾಡುವ ಕೆಲಸದ ದೊಡ್ಡ ಪಾಲನ್ನು ಇಲ್ಲಿ ಬ್ಯಾಂಕ್ ಖಾತೆಯಿಂದಲೇ ಮಾಡಿಸಿಕೊಳ್ಳಬಹುದು. ಬಾಡಿಗೆಯು ಮ್ಯಾನೇಜರನ ಖಾತೆಗೆ ಹೋಗಲೇಕೂಡದು. ನೇರವಾಗಿ ಮಾಲೀಕನ ಖಾತೆಗೆ, ಮಾಲೀಕನು ಅನಿವಾಸಿಯಾಗಿದ್ದರೆ ಅವನ ಎನ್.ಆರ್.ಒ. ಖಾತೆಗೆ, ಬರಬೇಕು. ಅಲ್ಲಿಂದ ಮ್ಯಾನೇಜರನ ಸಂಭಾವನೆ ಮತ್ತು ರಿಪೇರಿಯ ವೆಚ್ಚ, ಬಿಲ್ಲು ನೋಡಿದ ಮೇಲೆ, ಹೋಗಬೇಕು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಠೇವಣಿಯ ವಿಷಯದಲ್ಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಪಡೆಯುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಮಾದರಿ ಅಧಿನಿಯಮವು ವಸತಿಗೆ ಎರಡು ತಿಂಗಳೆಂದು ಮಿತಿ ಹಾಕಿದೆ. 30,000 ರೂಪಾಯಿ ಬಾಡಿಗೆಯ ಮನೆಯ ಅಡ್ವಾನ್ಸ್ ಮೂರು ಲಕ್ಷ. ಅದು ಬಾಡಿಗೆದಾರನಿಗೆ ಹಿಂತಿರುಗಿಸಬೇಕಾದ ಸಾಲ. ಮ್ಯಾನೇಜರನು ಅದನ್ನು ಸ್ವೀಕರಿಸಿ ಕಣ್ಮರೆಯಾದರೆ, ಅಧಿಕಾರ ಕೊಟ್ಟವನು ಮಾಲೀಕನಾದ್ದರಿಂದ, ಬಾಡಿಗೆದಾರನು ಮಾಲೀಕನ ಬಾಗಿಲಿಗೇ ಬರುತ್ತಾನೆ. ಹಾಗೆ ಬರಲು ಅವನಿಗೆ ಹಕ್ಕೂ ಇದೆ. ಮಹಾರಾಷ್ಟ್ರದಲ್ಲಿಯಾದರೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ಬರೆದು ನೋಂದಣಿ ಮಾಡಿಸುವ ಹೊಣೆಯನ್ನು 1999 ರ ಬಾಡಿಗೆ ನಿಯಂತ್ರಣ ಅಧಿನಿಯಮದ 55 ನೆಯ ಕಲಮು ಮಾಲೀಕನ ಮೇಲೆಯೇ ಹೊರಿಸಿದೆ. ಮ್ಯಾನೇಜರನು ಮರೆತನೆಂಬುದು ಅಲ್ಲಿ ಉತ್ತರವಾಗದು.

ಮುಖ್ತ್ಯಾರ ಪತ್ರವನ್ನು ಬರೆದುಕೊಡುವಾಗ ಹಳೆಯ ನಮೂನೆಯನ್ನೇ ನಕಲು ಮಾಡಿಸಿ ರುಜು ಹಾಕುವುದು ಇನ್ನೊಂದು ಅಪಾಯ. ಆ ನಮೂನೆಗಳಲ್ಲಿ ಬಾಡಿಗೆಗೆ ಕೊಡುವ ಅಧಿಕಾರದ ಪಕ್ಕದಲ್ಲಿಯೇ ಮಾರುವ, ಅಡವಿಡುವ ಅಧಿಕಾರಗಳೂ ಸಾಲಾಗಿ ಬರೆದಿರುತ್ತವೆ. ಮನೆ ನೋಡಿಕೊಳ್ಳುವವನಿಗೆ ಅವು ಏತಕ್ಕೆ? ಹೊಡೆದುಹಾಕಿಸಬೇಕು, ಅವಧಿಯನ್ನೂ ನಮೂದಿಸಬೇಕು. ಅಮೆರಿಕದಿಂದ ಮಕ್ಕಳು ಕಳಿಸುವ ಪತ್ರಕ್ಕೆ ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕೆಂಬುದೂ ಅನೇಕರಿಗೆ ತಿಳಿಯದು.

ಕೊನೆಯದಾಗಿ, ಮನೆಗಳಲ್ಲಿ ಯಾರೂ ಆಡಲು ಇಷ್ಟಪಡದ ಒಂದು ಮಾತು. ಕರಾರು ಅಧಿನಿಯಮದ 201 ನೆಯ ಕಲಮಿನಂತೆ ಮಾಲೀಕನು ತೀರಿಕೊಂಡೊಡನೆ ಏಜೆಂಟನ ಅಧಿಕಾರವೂ ತೀರುತ್ತದೆ. ಆದರೆ 208 ನೆಯ ಕಲಮಿನಂತೆ ಆ ಸಂಗತಿ ಮೂರನೆಯವರಿಗೆ ತಿಳಿಯುವ ತನಕ ಅವರ ಪಾಲಿಗೆ ಅಧಿಕಾರ ಇದ್ದೇ ಇರುತ್ತದೆ. ತಂದೆ ಮುಂಬಯಿಯಲ್ಲಿ ತೀರಿಕೊಂಡರು, ಉಡುಪಿಯ ಬಾಡಿಗೆದಾರನಿಗೆ ಗೊತ್ತಿಲ್ಲ. ಅವನು ತಿಂಗಳು ತಿಂಗಳೂ ಹಳೆಯ ಮ್ಯಾನೇಜರನಿಗೆ ಹಣ ಕೊಡುತ್ತಲೇ ಹೋಗುತ್ತಾನೆ, ಹಾಗೆ ಕೊಟ್ಟದ್ದು ಅವನ ಮಟ್ಟಿಗೆ ಸಂದಾಯವೇ ಆಗುತ್ತದೆ. ವರ್ಷದ ಮೇಲೆ ತಾಯಿ ಕೇಳಿದಾಗ ಲೆಕ್ಕ ಒಪ್ಪಿಸುವವರು ಯಾರೂ ಇರುವುದಿಲ್ಲ. ಆದ್ದರಿಂದ ಬಾಡಿಗೆದಾರನ ಹೆಸರು, ವಿಳಾಸ, ಕರಾರಿನ ಪ್ರತಿ, ಮುಖ್ತ್ಯಾರ ಪತ್ರದ ಪ್ರತಿ ಇವಿಷ್ಟು ಪತ್ನಿಗೂ ಮಕ್ಕಳಿಗೂ ಗೊತ್ತಿರುವ ಒಂದು ಕಡತದಲ್ಲಿರಬೇಕು. ಮರಣದ ಸುದ್ದಿಯನ್ನು ಬಂಧುಗಳಿಗೆ ತಿಳಿಸುವ ವಾರದಲ್ಲಿಯೇ ಬಾಡಿಗೆದಾರನಿಗೂ ಬ್ಯಾಂಕಿಗೂ ಅಂಚೆಯಲ್ಲಿ ಒಂದೊಂದು ಕಾಗದ ಹೋಗಬೇಕು.